ಔಲಿಗೆ ಹೋಗುವವರು ಜೋಶಿಮಠದಲ್ಲೂ ಒಂದು ದಿನ ನಿಲ್ಲಿ

ಉತ್ತರಾಖಂಡದ ಸ್ಕೀಯಿಂಗ್ ತಾಣ ಔಲಿಯಲ್ಲಿ ಹಿಮ ಗ್ಯಾರಂಟಿ ಸಿಗುತ್ತಾ? ಉಡುಪಿಗೆ ವಾಪಸ್ ಬಂದ ಮೇಲೆ ಸಿಕ್ಕವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಗ್ಯಾರಂಟಿ ಇಲ್ಲ. ಜನವರಿ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ. ಕ್ರಿಸ್‌ಮಸ್ ರಜೆ ಉಂಟು ಅಂತ ಡಿಸೆಂಬರಿನಲ್ಲೇ ಮಕ್ಕಳನ್ನು ಕಟ್ಟಿಕೊಂಡು ಹೋದರೆ ಒಣಹುಲ್ಲಿನ ಗುಡ್ಡ ನೋಡಿ ಬರಬೇಕಾದೀತು. ಹಿಮ ಸಾಲದೆ ಸ್ಪರ್ಧೆಗಳನ್ನೇ ಮುಂದೂಡಿದ ವರ್ಷಗಳಿವೆ. ಕೃತಕ ಹಿಮ ಮಾಡಲಿಕ್ಕೆ ಅಂತ ಮೇಲೆ ಒಂದು ಕೆರೆ ಕಟ್ಟಿದ್ದಾರೆ, ಆದರೆ ಅದನ್ನು ನಂಬಿ ಟಿಕೆಟ್ ತೆಗೆಯಬೇಡಿ. ಹಿಮ ಬಂದರೂ ಬಾರದಿದ್ದರೂ ಹೋದದ್ದು ದಂಡ ಆಗದ ಹಾಗೆ ಪ್ಲಾನ್ ಮಾಡಿ. ಅಂದರೆ ಕೆಳಗಿರುವ ಜೋಶಿಮಠವನ್ನು ಜೀಪು ಬದಲಿಸುವ ಜಾಗ ಅಂತ ಮಾತ್ರ ನೋಡಬೇಡಿ.

ನಮ್ಮಲ್ಲಿ ಎರಡು ಪಾರ್ಟಿ ಇತ್ತು. ಭಾವನಿಗೆ ಸ್ಕೀಯಿಂಗ್ ಕಲಿಯಬೇಕು. ಅಪ್ಪನಿಗೆ ನರಸಿಂಹ ದೇವಸ್ಥಾನ ನೋಡಬೇಕು. ಒಂದೇ ಪ್ರಯಾಣದಲ್ಲಿ ಎರಡೂ ಆಗುತ್ತದೆ.

ಮೊದಲು ದಾರಿ. ಕರಾವಳಿಯವರಿಗೆ ಸುಲಭ ಅಂದರೆ ವಾರಕ್ಕೊಮ್ಮೆ ಕೇರಳದಿಂದ ಮಂಗಳೂರು, ಉಡುಪಿ ಮೇಲೆ ಋಷಿಕೇಶಕ್ಕೆ ಹೋಗುವ ರೈಲು. ದಿಲ್ಲಿಯಲ್ಲಿ ಸಾಮಾನು ಇಳಿಸಿ ಹತ್ತಿಸುವ ರಗಳೆ ಇಲ್ಲ. ಆ ದಿನ ಹೊಂದದಿದ್ದರೆ ಮಂಗಳಾ ಲಕ್ಷದ್ವೀಪ್ ಎಕ್ಸ್‌ಪ್ರೆಸ್‌ನಲ್ಲಿ ನಿಜಾಮುದ್ದೀನ್‌ವರೆಗೆ ಹೋಗಿ, ಅಲ್ಲಿಂದ ಹರಿದ್ವಾರಕ್ಕೆ ಬೇರೆ ರೈಲೋ ಬಸ್ಸೋ ಹಿಡಿಯಿರಿ. ವಿಮಾನ ಆದರೆ ಡೆಹ್ರಾಡೂನ್‌ಗೆ ಟಿಕೆಟ್ ಮಾಡಿ, ಆ ನಿಲ್ದಾಣ ಋಷಿಕೇಶಕ್ಕೂ ಹತ್ತಿರವೇ. ಜನವರಿಯಲ್ಲಿ ಉತ್ತರದ ಮಂಜಿಗೆ ರೈಲು, ವಿಮಾನ ಎರಡೂ ಗಂಟೆಗಟ್ಟಲೆ ತಡವಾಗುತ್ತವೆ. ಇಳಿದ ಕೂಡಲೇ ಮುಂದಿನ ಗಾಡಿ ಅಂತ ಬಿಗಿಯಾಗಿ ಜೋಡಿಸಬೇಡಿ.

ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ನಮ್ಮ ಹೆದ್ದಾರಿ ಲೆಕ್ಕದಲ್ಲಿ ಐದು ಗಂಟೆ ಅಂತ ಕಾಣುತ್ತದೆ, ಅಲ್ಲಿ ಒಂಬತ್ತು ಹತ್ತು ಗಂಟೆ ಹಿಡಿಯಿರಿ. ಬಸ್ಸುಗಳು ಬೆಳಗಿನ ಜಾವವೇ ಹೊರಡುತ್ತವೆ, ಹಾಗಾಗಿ ಹಿಂದಿನ ರಾತ್ರಿ ಋಷಿಕೇಶದಲ್ಲೇ ಮಲಗುವುದು ಒಳ್ಳೆಯದು. ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳೆಸುವವರು ನಿಮ್ಮ ಜೊತೆ ಇದ್ದರೆ ಮಾತ್ರೆ ಕೈಯಲ್ಲೇ ಇರಲಿ, ಯಾಕೆಂದರೆ ಇಲ್ಲಿ ಬೆಳಗ್ಗಿನಿಂದ ಸಂಜೆವರೆಗೂ ಘಾಟಿಯೇ. ದೇವಪ್ರಯಾಗದಲ್ಲಿ ಮಾತ್ರ ಗಾಡಿ ನಿಲ್ಲಿಸಲು ಹೇಳಿ. ಅಲಕನಂದಾ, ಭಾಗೀರಥಿ ಎರಡೂ ಸೇರಿ ಗಂಗೆ ಅಂತ ಹೆಸರಾಗುವುದು ಅಲ್ಲಿಂದ. ಚಳಿಗಾಲದಲ್ಲಿ ನೀರು ತಿಳಿಯಾಗಿರುತ್ತದೆ, ಎರಡು ಬಣ್ಣ ಬೇರೆಬೇರೆ ಕಾಣುತ್ತದೆ. ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ದಾರಿಯಲ್ಲೇ ಸಿಗುತ್ತವೆ. ಎಲ್ಲಾ ಕಡೆ ಇಳಿಯುತ್ತಾ ಹೋದರೆ ಕತ್ತಲಾಗುತ್ತದೆ, ರಾತ್ರಿ ಆ ರಸ್ತೆ ಬೇಡವೇ ಬೇಡ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. "ಅಷ್ಟು ದೂರ ಹೋಗ್ತೀರಲ್ಲ, ಹಾಗೇ ಬದರಿಗೂ ಹೋಗಿ ಬನ್ನಿ" ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಆಗುವುದಿಲ್ಲ. ಬದರೀನಾಥದ ಬಾಗಿಲು ನವೆಂಬರಿನಲ್ಲಿ ಮುಚ್ಚಿದರೆ ತೆರೆಯುವುದು ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಿಗೆ. ಆದರೆ ಚಳಿಗಾಲದಲ್ಲಿ ಉದ್ಧವ, ಕುಬೇರ ಮೂರ್ತಿಗಳು ಪಾಂಡುಕೇಶ್ವರಕ್ಕೆ ಬರುತ್ತವೆ, ಶಂಕರಾಚಾರ್ಯರ ಗದ್ದಿಗೆ ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಬರುತ್ತದೆ. ಪಾಂಡುಕೇಶ್ವರ ಜೋಶಿಮಠದಿಂದ ಸುಮಾರು 20 ಕಿ.ಮೀ., ರಸ್ತೆ ತೆರೆದಿದ್ದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು. ಮಧ್ವಾಚಾರ್ಯರು ಬದರಿಗೆ ಹೋದ ಕಥೆ ಕೇಳಿಕೊಂಡೇ ಬೆಳೆದ ನಮ್ಮ ಊರಿನವರಿಗೆ ಇಷ್ಟಾದರೂ ನೋಡಿದ ಸಮಾಧಾನ ಇರುತ್ತದೆ. ಅಪ್ಪ ಅದೇ ರಸ್ತೆ ಬದಿ ನಿಂತು, "ಗಾಡಿ, ಸ್ವೆಟರ್ ಏನೂ ಇಲ್ಲದೆ ಹೇಗೆ ಹತ್ತಿದರು ಮಾರಾಯ" ಅಂತ ಭಾವನ ಹತ್ತಿರ ಕೇಳಿದರು. ಭಾವನ ಹತ್ತಿರ ಉತ್ತರ ಇರಲಿಲ್ಲ, ಮೂರು ಪದರ ಬಟ್ಟೆಯೊಳಗೆ ಅವನಿಗೆ ನಡುಕ ನಿಂತಿರಲಿಲ್ಲ.

ಜೋಶಿಮಠದ ಎತ್ತರ ಸುಮಾರು 1,900 ಮೀಟರ್. ಔಲಿಯ ಇಳಿಜಾರು 2,500ರಿಂದ 3,000 ಮೀಟರ್ ಚಿಲ್ಲರೆವರೆಗೆ ಇದೆ. ಸಮುದ್ರದ ಮಟ್ಟದಿಂದ ಹೋದ ನಮಗೆ ಒಂದು ರಾತ್ರಿ ಕೆಳಗೆ ಕಳೆದು ಹತ್ತುವುದು ಮೈಗೂ ಒಳ್ಳೆಯದು, ತಲೆನೋವು ಕಡಿಮೆ. ಮೇಲೆ ಹೋಗಲು ಜೋಶಿಮಠದಿಂದ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಊರಿನ ನೆಲ ಕುಸಿದಾಗ ಅದು ನಿಂತಿತು, ನಾವು ಹೋದಾಗಲೂ ಓಡುತ್ತಿರಲಿಲ್ಲ. ಹಳೆಯ ವೀಡಿಯೊ ನೋಡಿ ಆಸೆ ಇಟ್ಟುಕೊಳ್ಳಬೇಡಿ. ರಸ್ತೆಯಲ್ಲಿ ಜೀಪಿನಲ್ಲೇ ಹೋಗಬೇಕು. ಹಿಮ ಬಿದ್ದ ದಿನ ಚಕ್ರಕ್ಕೆ ಚೈನ್ ಕಟ್ಟುವ ಅಲ್ಲಿಯದೇ ಗಾಡಿ ಹಿಡಿಯಿರಿ. ಬಯಲಿನಿಂದ ತಂದ ಡ್ರೈವರ್ "ನಾನೇ ಹತ್ತಿಸ್ತೇನೆ" ಅಂದರೆ ಒಪ್ಪಬೇಡಿ.

ಈಗ ಭಾವನ ಸ್ಕೀಯಿಂಗ್. ಗಢವಾಲ್ ಮಂಡಲ ವಿಕಾಸ ನಿಗಮದವರು ಔಲಿಯಲ್ಲಿ 7 ಮತ್ತು 14 ದಿನಗಳ ಕೋರ್ಸ್ ನಡೆಸುತ್ತಾರೆ. ನಿಜವಾಗಿ ಕಲಿಯಬೇಕು ಅಂತಿದ್ದರೆ ಅದಕ್ಕೇ ಮೊದಲೇ ಹೆಸರು ಕೊಡಿ. ಅಷ್ಟು ರಜೆ ಇಲ್ಲದವರಿಗೆ ಗಂಟೆ ಲೆಕ್ಕದಲ್ಲಿ ಕಲಿಸುವ ಹುಡುಗರು ಅಲ್ಲೇ ಸಿಗುತ್ತಾರೆ. ಸ್ಕೀ, ಬೂಟು, ಕೋಲು ಎಲ್ಲಾ ಬಾಡಿಗೆಗೆ ಉಂಟು. ರೇಟು ಮೊದಲೇ ಮಾತಾಡಿ, ಅದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿ ಕೇಳಿ. ನಮಗೆ ಒಬ್ಬರು ಮೊದಲು ಹೇಳಿದ ದರಕ್ಕೆ ಆಮೇಲೆ ಬೂಟಿನ ಬಾಡಿಗೆಯನ್ನು ಬೇರೆಯಾಗಿ ಸೇರಿಸಿದರು.

ಮೊದಲ ದಿನ ಜಾರುವುದು ಕಮ್ಮಿ, ಬೀಳುವುದು ಜಾಸ್ತಿ. ಸ್ಕೀ ಬೂಟು ಹಾಕಿದರೆ ಕಣಕಾಲು ಮಡಚಲಿಕ್ಕೇ ಆಗುವುದಿಲ್ಲ, ಸಿಮೆಂಟಿನಲ್ಲಿ ಕಾಲು ಹೂತ ಹಾಗೆ. ಇಳಿಜಾರಿಗೆ ಅಡ್ಡಲಾಗಿ ನಿಂತು ಏಡಿ ನಡಿಗೆಯಲ್ಲಿ ಹತ್ತುವುದನ್ನು ಮೊದಲು ಕಲಿಸುತ್ತಾರೆ. ಆಮೇಲೆ ಬ್ರೇಕು. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲ ಮಾಡಿದರೆ ವೇಗ ಇಳಿಯುತ್ತದೆ. ಹೆದರಿದವರು ಸಹಜವಾಗಿ ಹಿಂದಕ್ಕೆ ವಾಲುತ್ತಾರೆ, ಹಾಗೆ ವಾಲಿದಾಗ ಹಿಡಿತ ತಪ್ಪಿ ಇನ್ನೂ ಜೋರಾಗಿ ಓಡುತ್ತದೆ. ಮೊಣಕಾಲು ಮಡಚಿ ಮುಂದಕ್ಕೆ ಬಾಗಬೇಕು, ಬೀಳುವುದೇ ಆದರೆ ಪಕ್ಕಕ್ಕೆ ಬೀಳಬೇಕು. ಮೊಣಕಾಲು ನೋವಿರುವವರು ಈ ಸಾಹಸಕ್ಕೆ ಹೋಗಬೇಡಿ. ಬೆಳಗ್ಗೆ ಬೇಗ ಹೋಗಿ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಪದರ ಕರಗಿ ಭಾರವಾಗುತ್ತದೆ, ಫೋಟೋದವರ ಗುಂಪೂ ಆಗಲೇ ಬರುವುದು.

ಸ್ಕೀಯಿಂಗ್ ಬೇಡದವರಿಗೆ ಚೇರ್ ಲಿಫ್ಟ್ ಉಂಟು. ಗೋರ್ಸನ್ ಬುಗ್ಯಾಲ್ ಎನ್ನುವ ಎತ್ತರದ ಹುಲ್ಲುಗಾವಲಿಗೆ ಕಾಡಿನೊಳಗೆ ಸುಮಾರು 3 ಕಿ.ಮೀ. ಹತ್ತುವ ದಾರಿಯೂ ಉಂಟು, ಹಿಮ ಇರುವಾಗ ಸ್ಥಳೀಯರನ್ನು ಕರೆದುಕೊಂಡೇ ಹೋಗಿ. ಆಕಾಶ ತಿಳಿಯಾಗಿದ್ದರೆ 7,816 ಮೀಟರಿನ ನಂದಾದೇವಿ ಎದುರೇ ನಿಂತಿರುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಪಕ್ಕದ ದ್ರೋಣಗಿರಿ. ಹನುಮಂತ ಸಂಜೀವಿನಿಗಾಗಿ ಕಿತ್ತುಕೊಂಡು ಹೋದದ್ದು ಅದೇ ಬೆಟ್ಟ ಅಂತ ನಂಬಿಕೆ. ಅದರ ಬುಡದ ದ್ರೋಣಗಿರಿ ಹಳ್ಳಿಯವರು ನಮ್ಮ ಬೆಟ್ಟ ಕಿತ್ತ ಅಂತ ಇವತ್ತಿಗೂ ಹನುಮಂತನನ್ನು ಪೂಜಿಸುವುದಿಲ್ಲ. ಆದರೆ ಔಲಿಯಲ್ಲಿ ಹನುಮಂತನಿಗೆ ಗುಡಿ ಇದೆ. ಎರಡು ಊರಿನವರೂ ಮದುವೆ ಮನೆಯಲ್ಲಿ ಸಿಕ್ಕಿದರೆ ಏನು ಮಾತಾಡುತ್ತಾರೋ!

ಬಟ್ಟೆಯ ವಿಷಯ. ನಮ್ಮಲ್ಲಿ ಸ್ವೆಟರ್ ಇರುವ ಮನೆಯೇ ಕಡಿಮೆ. ಹೊಸದಾಗಿ ದಪ್ಪ ಜಾಕೆಟ್ ತೆಗೆದುಕೊಂಡರೆ ಮಳೆಗಾಲ ಮುಗಿಯುವಷ್ಟರಲ್ಲಿ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತದೆ. ಜಾಕೆಟ್, ಗಮ್‌ಬೂಟು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಒಳಗೆ ಹಾಕುವ ಥರ್ಮಲ್, ಕೈಗವಸು, ಟೊಪ್ಪಿ, ಉಣ್ಣೆ ಸಾಕ್ಸ್ ಮಾತ್ರ ಸ್ವಂತದ್ದಿರಲಿ. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಚಳಿ ಹತ್ತುತ್ತದೆ. ಹಿಮದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಕಪ್ಪು ಕನ್ನಡಕ ಬೇಕೇ ಬೇಕು. ಸಾಕ್ಸ್ ಇನ್ನೊಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ದೇವಸ್ಥಾನದ ಕಲ್ಲುಚಪ್ಪಡಿ ಮೇಲೆ ಬರಿಗಾಲಲ್ಲಿ ನಿಂತರೆ ಮಂತ್ರ ಮರೆತುಹೋಗುತ್ತದೆ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಜೋಶಿಮಠದಲ್ಲಿ ಶಂಕರಾಚಾರ್ಯರ ಜ್ಯೋತಿರ್ಮಠ ಇದೆ, ಅವರು ತಪಸ್ಸು ಮಾಡಿದರು ಎನ್ನುವ ಭಾರೀ ಹಳೆಯ ಕಲ್ಪವೃಕ್ಷ ಇದೆ. ನರಸಿಂಹ ದೇವಸ್ಥಾನದ ಮೂರ್ತಿ ಬಗ್ಗೆ ಒಂದು ನಂಬಿಕೆ ಇದೆ. ಅದರ ಒಂದು ತೋಳು ದಿನೇದಿನೇ ತೆಳ್ಳಗಾಗುತ್ತಿದೆಯಂತೆ. ಅದು ಮುರಿದ ದಿನ ಜಯ, ವಿಜಯ ಬೆಟ್ಟಗಳು ಕುಸಿದು ಬದರಿಯ ದಾರಿ ಮುಚ್ಚುತ್ತದೆ, ಆಮೇಲೆ ಪೂಜೆ ಭವಿಷ್ಯ ಬದರಿ ಎನ್ನುವ ಇನ್ನೊಂದು ದೇವಸ್ಥಾನದಲ್ಲಿ. ಕಥೆ ಕೇಳಿ ಹೊರಗೆ ಬಂದರೆ ಬಿರುಕು ಬಿಟ್ಟ ಗೋಡೆಗಳು ಕಾಣುತ್ತವೆ. ಈ ಊರು ಕೂತಿರುವುದು ಹಳೆಯ ಭೂಕುಸಿತದ ಮಣ್ಣು ಕಲ್ಲಿನ ರಾಶಿಯ ಮೇಲೆ, ಇಲ್ಲಿ ಭಾರೀ ಕಟ್ಟಡ ಬೇಡ, ಬಂಡೆ ಸ್ಫೋಟಿಸಬೇಡಿ ಅಂತ 1976ರಲ್ಲೇ ಸರಕಾರ ನೇಮಿಸಿದ ಮಿಶ್ರಾ ಸಮಿತಿ ಹೇಳಿತ್ತು. 2023ರ ಆರಂಭದಲ್ಲಿ 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಂತು, ವಾಸಕ್ಕೆ ಯೋಗ್ಯವಲ್ಲದವಕ್ಕೆ ಕೆಂಪು ಗುರುತು ಹಾಕಿದರು. ಆ ಗೋಡೆಗಳ ಮುಂದೆ ಸೆಲ್ಫಿ ಬೇಡ. ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕೇಳಿದರೆ ಜನ ಅವರಾಗಿಯೇ ಹೇಳುತ್ತಾರೆ, ಯಾರ ಮನೆ ಹೋಯಿತು, ಯಾರು ಬಾಡಿಗೆ ಮನೆಗೆ ಹೋದರು ಅಂತ. ಅವರಿಗೆ ಪ್ರವಾಸಿಗರು ಬೇಕು. ಆದರೆ ಪ್ರವಾಸಿಗರಿಗಾಗಿ ಇನ್ನೂ ನಾಲ್ಕು ಮಾಳಿಗೆ ಹೋಟೆಲು ಏಳುವುದು ಬೇಕಾ ಅಂತ ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ನನಗಂತೂ ಮನೆಯವರೇ ನಡೆಸುವ ಸಣ್ಣ ಹೋಂಸ್ಟೇ ಸಾಕು ಅನ್ನಿಸಿತು.

ಹಿಮ ಇಲ್ಲದ ದಿನ ನೀತಿ ಕಣಿವೆ ಕಡೆ ಜೀಪು ಮಾಡಿ. ತಪೋವನದಲ್ಲಿ ಬಿಸಿನೀರಿನ ಬುಗ್ಗೆ ಇದೆ. ಮುಂದೆ ರೈಣಿ. 1974ರ ಮಾರ್ಚ್ 26ರಂದು ಗೌರಾದೇವಿ ಮತ್ತು ಊರಿನ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದದ್ದು ಇಲ್ಲಿ. ಮರ ಅಪ್ಪಿಕೊಂಡು ಉಳಿಸುವ ಈ ಚಿಪ್ಕೋ ಚಳವಳಿಯ ಸುದ್ದಿ ಕೇಳಿಯೇ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ 1983ರಲ್ಲಿ ಅಪ್ಪಿಕೋ ಶುರುವಾದದ್ದು, ಅಲ್ವಾ? 2021ರ ಫೆಬ್ರವರಿ 7ರಂದು ಇದೇ ರೈಣಿ, ತಪೋವನಕ್ಕೆ ನೆರೆ ನುಗ್ಗಿ 200ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಕಣಿವೆಯ ಮೇಲಿನ ಭೋಟಿಯಾ ಜನ 1962ರವರೆಗೆ ಟಿಬೆಟ್ ಜೊತೆ ಉಪ್ಪು, ಉಣ್ಣೆ ವ್ಯಾಪಾರ ಮಾಡುತ್ತಿದ್ದರು. ಚಳಿಗಾಲದಲ್ಲಿ ಅವರು ಕೆಳಗಿಳಿದಿರುತ್ತಾರೆ. ಕೈಯಲ್ಲಿ ನೇಯ್ದ ಉಣ್ಣೆ ಶಾಲು ಬೇಕಿದ್ದರೆ ಅವರ ಹತ್ತಿರವೇ ಕೇಳಿ ತೆಗೆದುಕೊಳ್ಳಿ.

ಊಟಕ್ಕೆ ತೊಂದರೆ ಇಲ್ಲ. ಔಲಿಯಲ್ಲಿ ಮ್ಯಾಗಿ, ಪರೋಟ ಬಿಟ್ಟರೆ ಹೆಚ್ಚೇನಿಲ್ಲ. ಜೋಶಿಮಠದ ಮನೆಗಳಲ್ಲಿ ಹೇಳಿದರೆ ಗಹತ್ ದಾಲ್, ರಾಗಿ ರೊಟ್ಟಿ ಮಾಡಿಕೊಡುತ್ತಾರೆ. ಗಹತ್ ಅಂದರೆ ನಮ್ಮ ಹುರುಳಿಯೇ. ಕುಚ್ಚಲಕ್ಕಿ ಅನ್ನ ಬಿಟ್ಟಿರಲಾರೆ ಅನ್ನುವ ಅಪ್ಪ ಅದನ್ನು ಎರಡೆರಡು ಸಲ ಹಾಕಿಸಿಕೊಂಡರು.

ವಾಪಸ್ ಬರುವಾಗ ಋಷಿಕೇಶದ ರೈಲಿಗೆ ಒಂದು ದಿನ ಮೊದಲೇ ಕೆಳಗಿಳಿಯಿರಿ. ರಾತ್ರಿ ಹಿಮ ಬಿದ್ದರೆ ಔಲಿಯ ರಸ್ತೆ ಬೆಳಗ್ಗೆ ತೆರೆಯುವುದು ತಡ, ಜೋಶಿಮಠದ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. ಕೊನೆಯ ರಾತ್ರಿಯ ರೂಮು ಜೋಶಿಮಠದಲ್ಲೇ ಮಾಡಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ, ಬಸ್ಸಿನ ಸೀಟು ಹಿಂದಿನ ಸಂಜೆಯೇ ಹೋಗಿ ಹೇಳಿಟ್ಟು ಬನ್ನಿ.