ಪಟ್ಟೆಕಲ್ಲು, ಕೆಂಗಲ್ಲು

“ಈ ಪಟ್ಟೆ ಇರೋ ಕಲ್ಲು ಹೇಳ್ದಂಗೆ ನಾವು ಕೇಳ್ಬೇಕು ಸ್ವಾಮಿ; ಆ ಕೆಂಗಲ್ಲಾದ್ರೆ ನಾವು ಹೇಳ್ದಂಗೆ ಕೇಳ್ತದೆ.”

ಮಧುಗಿರಿಯ ಹತ್ತಿರದ ಕಲ್ಲುಕ್ವಾರಿಯೊಂದರಲ್ಲಿ ಕಳೆದ ಭಾನುವಾರ ಹಿರಿಯ ಕಲ್ಲುಕುಟಿಗರೊಬ್ಬರು ಆಡಿದ ಈ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಭೂವಿಜ್ಞಾನವನ್ನು ಓದಿ, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುತ್ತಿರುವ ನಾನು, ಅಗ್ನಿಶಿಲೆಗೂ ರೂಪಾಂತರ ಶಿಲೆಗೂ ಇರುವ ವ್ಯತ್ಯಾಸವನ್ನು ಇಷ್ಟು ಅಡಕವಾಗಿ ತರಗತಿಯಲ್ಲಿ ಎಂದೂ ಹೇಳಿದವನಲ್ಲ.

ಅಲ್ಲಿಗೆ ಹೋಗಲು ಕಾರಣವಾದದ್ದು ಅಕ್ಕನ ಮಗಳ ಶಾಲೆಯ ಪ್ರಾಜೆಕ್ಟ್. ಊರಿನ ಸುತ್ತಲ ಕಲ್ಲುಗಳನ್ನು ರಟ್ಟಿಗೆ ಅಂಟಿಸಿ, ಪ್ರತಿಯೊಂದರ ಕೆಳಗೂ ಅದು ಯಾವ ಬಗೆಯ ಶಿಲೆಯೆಂದು ಬರೆಯಬೇಕಿತ್ತು. ಅವಳು ಆಯ್ದು ತಂದಿದ್ದ ಒಂದು ಕಲ್ಲಿನ ಅರ್ಧಭಾಗದಲ್ಲಿ ಕಪ್ಪುಬಿಳಿ ಪಟ್ಟೆಗಳಿದ್ದವು, ಇನ್ನರ್ಧ ನಸುಗೆಂಪು ಗ್ರಾನೈಟ್. ಕೆಳಗೆ ‘ಎರಡೂ’ ಎಂದು ಬರೆದಿದ್ದಳು. ಮೇಷ್ಟ್ರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಒಂದೇ ಹೆಸರು ಬರೆಯಬೇಕೆಂದು ಹಿಂದಿರುಗಿಸಿದ್ದರು. ಅವರು ಶ್ರದ್ಧೆಯಿಂದ ಪಾಠ ಮಾಡುವವರೇ. ಆದರೆ ಮಾದರಿ ಉತ್ತರದಲ್ಲಿ ಇಲ್ಲದ್ದು ಭೂಮಿಯ ಮೇಲೂ ಇರಲಾರದೆಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿದೆ.

ಆ ಹಿರಿಯ ಕಲ್ಲುಕುಟಿಗ ಯಜಮಾನರು ಮೊದಲು ಕೆಂಗಲ್ಲಿನ ಮೇಲೆ ಸಾಲಾಗಿ ಕುಳಿಗಳನ್ನು ತೋಡಿ, ಬೆಣೆಗಳನ್ನಿಟ್ಟು, ಒಂದಾದ ಮೇಲೊಂದರಂತೆ ಸುತ್ತಿಗೆಯಿಂದ ಹೊಡೆಯುತ್ತ, ಪ್ರತಿ ಏಟಿನ ಸದ್ದನ್ನು ತಲೆ ಓರೆಮಾಡಿ ಆಲಿಸುತ್ತ ಹೋದರು. ಕಲ್ಲು ಅವರು ಎಳೆದಿದ್ದ ಗೆರೆಯ ನೇರಕ್ಕೇ ಸೀಳಿತು. ಪಟ್ಟೆಕಲ್ಲಿನ ಬಳಿಗೆ ಬಂದಾಗ ಮಾತ್ರ ಒದ್ದೆ ಅಂಗೈಯಿಂದ ಅದರ ಧೂಳನ್ನು ಒರೆಸಿ, ಪಟ್ಟೆಗಳು ಯಾವ ಕಡೆಗೆ ಓಡಿವೆಯೆಂದು ನೋಡಿಕೊಂಡ ಮೇಲಷ್ಟೇ ಬೆಣೆಗೆ ಜಾಗ ಹುಡುಕಿದರು. ಅಡ್ಡಕ್ಕೆ ಹೊಡೆದರೆ ಏನಾಗುತ್ತದೆಂದು ಹುಡುಗಿ ಕೇಳಿದಾಗ ಬಂದ ಉತ್ತರವೇ ಮೇಲಿನ ಮಾತು.

ಆ ಮಾತಿನ ಹಿಂದೆ ಇಡೀ ಪಾಠವೇ ಇದೆ. ಕೆಂಗಲ್ಲು, ಅಂದರೆ ಗ್ರಾನೈಟ್, ನೆಲದಾಳದಲ್ಲಿ ಶಿಲಾಪಾಕ (ಕರಗಿದ ಕಲ್ಲು) ಬಹು ನಿಧಾನವಾಗಿ ತಣಿದು ಆದ ಅಗ್ನಿಶಿಲೆ. ಕಾಲಾವಕಾಶ ಸಿಕ್ಕಿದ್ದರಿಂದ ಅದರ ಫೆಲ್ಡ್‌ಸ್ಪಾರ್ ಹರಳುಗಳು ಉಗುರಿನಷ್ಟು ದೊಡ್ಡದಾಗಿ ಬೆಳೆದು, ಬೆಣಚು ಮತ್ತು ಅಭ್ರಕಗಳೊಡನೆ ಎಲ್ಲ ದಿಕ್ಕಿನಲ್ಲೂ ಹೆಣೆದುಕೊಂಡಿರುತ್ತವೆ. ಎದ್ದು ಕಾಣುವ ಒಂದು ದಿಕ್ಕು ಅದರಲ್ಲಿಲ್ಲ. ಪಟ್ಟೆಕಲ್ಲು, ಅಂದರೆ ನಾವು ನೈಸ್ ಎನ್ನುವ ರೂಪಾಂತರ ಶಿಲೆ, ಕರಗದೆಯೇ ಬದಲಾದ ಕಲ್ಲು. ಶಾಖದ ಜೊತೆಗೆ ಒಂದು ಕಡೆಯಿಂದ ಹೆಚ್ಚಿನ ಒತ್ತಡ ಬಿದ್ದಾಗ ಅಭ್ರಕದಂಥ ಚಪ್ಪಟೆ ಖನಿಜಗಳು ಆ ಒತ್ತಡಕ್ಕೆ ಅಡ್ಡಲಾಗಿ ಸಾಲುಗಟ್ಟುತ್ತವೆ, ಕಪ್ಪು ಖನಿಜ ಒಂದೆಡೆ ಬಿಳಿಯದು ಒಂದೆಡೆ ಬೇರ್ಪಡುತ್ತವೆ. ಯಜಮಾನರು ಅಂಗೈಯಲ್ಲಿ ಒರೆಸಿ ಹುಡುಕಿದ್ದು ಆ ಹಳೆಯ ಒತ್ತಡದ ಗುರುತನ್ನೇ.

ಶಾಖ ಇನ್ನೂ ಏರಿ, ನೀರಿನ ಅಂಶವೂ ಇದ್ದು, ಸುಮಾರು 650 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ನೈಸ್‌ನ ಬಿಳಿಭಾಗ ಕರಗತೊಡಗುತ್ತದೆ. ರೂಪಾಂತರ ಮುಗಿದು ಅಗ್ನಿಶಿಲೆಯ ಹುಟ್ಟು ಮೊದಲಾಗುವ ಜಾಗ ಅದು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದು, ಮಧುಗಿರಿ, ಪಾವಗಡಗಳ ಮೂಲಕ ಉತ್ತರ-ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿರುವ ಗ್ರಾನೈಟ್ ಪಟ್ಟಿ ರೂಪುಗೊಂಡದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಪದರದಿಂದ ಮೇಲೇರಿದ ಶಿಲಾಪಾಕವೂ, ಅದರ ಬಿಸಿಗೆ ಕರಗಿದ ಹಳೆಯ ನೈಸ್‌ನ ಪಾಲೂ ಅದರಲ್ಲಿ ಸೇರಿವೆ. ಕ್ವಾರಿಯ ಗೋಡೆಯಲ್ಲಿ ಬೆರಳಗಲದ ಕೆಂಪು ಎಳೆಯೊಂದು ಪಟ್ಟೆಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗಿತ್ತು. “ಕತ್ತರಿಸಿದ ಎಳೆಗಿಂತ ಪಟ್ಟೆಕಲ್ಲೇ ಹಳೇದು, ಅಲ್ವಾ ಮಾಮ?” ಎಂದಳು ಹುಡುಗಿ. ಅಷ್ಟು ತಿಳಿಯಲು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಂದು ಸೆಮಿಸ್ಟರ್ ಹಿಡಿಯುತ್ತದೆ.

ಪಕ್ಕದ ಕೋಲಾರದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಬಸಾಲ್ಟ್ ಲಾವಾ, ಅನಂತರದ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಹಾರ್ನ್‌ಬ್ಲೆಂಡ್ ಎಂಬ ಖನಿಜ ತುಂಬಿದ, ಆಂಫಿಬೊಲೈಟ್ ಎಂಬ ಕಪ್ಪು ರೂಪಾಂತರ ಶಿಲೆಯಾಗಿದೆ. ಲಾವಾ ನೀರಿನಲ್ಲಿ ತಣಿಯುವಾಗ ತಳೆದ ದಿಂಬಿನಾಕಾರಗಳನ್ನು ಕೆಲವೆಡೆ ಈಗಲೂ ಗುರುತಿಸಬಹುದು. ಚಿನ್ನ ಹೊತ್ತ ಬೆಣಚಿನ ಎಳೆಗಳು ಹರಿದಿರುವುದು ಆ ಕಲ್ಲಿನೊಳಗೆ. ಕೋಲಾರದಲ್ಲಿ ಅಗ್ನಿಶಿಲೆ ರೂಪಾಂತರ ಶಿಲೆಯಾಯಿತು, ಮಧುಗಿರಿಯಲ್ಲಿ ರೂಪಾಂತರ ಶಿಲೆ ಕರಗಿ ಅಗ್ನಿಶಿಲೆಗೆ ಪಾಲು ಕೊಟ್ಟಿತು. ಬಸ್ಸಿನಲ್ಲಿ ಹೋಗಿ ಮುಟ್ಟಿ ನೋಡಬಹುದಾದ ಇಂಥ ಜೋಡಿಯನ್ನು ಬಿಟ್ಟು, ನಮ್ಮ ಮಕ್ಕಳಿಗೆ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂಬ ಮೂರು ಬಗೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನನಗಂತೂ ಸೋಮಾರಿತನವಾಗಿ ಕಾಣುತ್ತದೆ. ‘ಇದು ಯಾವ ಶಿಲೆ?’ ಎಂದು ಕೇಳುವ ಬದಲು ‘ಇದು ಕರಗಿತ್ತೇ, ಬರಿದೇ ಒತ್ತಡಕ್ಕೆ ಸಿಕ್ಕಿತ್ತೇ, ಯಾವುದು ಮೊದಲು?’ ಎಂದು ಕೇಳಿದರೆ, ಉತ್ತರಕ್ಕಾಗಿ ಮಕ್ಕಳು ಪುಸ್ತಕವನ್ನಲ್ಲ, ಕಲ್ಲನ್ನು ನೋಡಬೇಕಾಗುತ್ತದೆ.

ಅಂದಹಾಗೆ, ಎರಡೂ ಕೂಡಿರುವ ಕಲ್ಲು ಕಂಬಕ್ಕೂ ಚಪ್ಪಡಿಗೂ ಬಾರದೆಂದು ಆ ಕ್ವಾರಿಯಲ್ಲಿ ಜಲ್ಲಿಗೆ ಹಾಕುತ್ತಾರೆ.

ಹುಡುಗಿ ಈಗ ‘ಎರಡೂ’ ಎಂಬುದನ್ನು ಅಳಿಸಿ, ‘ಪಟ್ಟೆಯ ಭಾಗ ರೂಪಾಂತರ ಶಿಲೆ, ಆಮೇಲೆ ಅದರೊಳಗೆ ನುಗ್ಗಿ ಗಟ್ಟಿಯಾದ ಕೆಂಪು ಭಾಗ ಅಗ್ನಿಶಿಲೆ’ ಎಂದು ಬರೆದಿದ್ದಾಳೆ. ಇದಕ್ಕೂ ಅಂಕ ಸಿಗುವ ಭರವಸೆ ನನಗಿಲ್ಲ. ಮೇಷ್ಟ್ರನ್ನು ಕ್ವಾರಿಗೆ ಕರೆದಿದ್ದೇನೆ. ಪರೀಕ್ಷೆಗಳು ಮುಗಿಯಲಿ ಎಂದಿದ್ದಾರೆ.