ತಡಿಯಂಡಮೋಳಿನ ನೆತ್ತಿಯಿಂದ ಕಡಲ ತಳದವರೆಗೆ

ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಘಾಟಿ ಹತ್ತುವಾಗ ಜೋಡುಪಾಲದ ಹತ್ತಿರ ಭಾವ ಕಾರು ನಿಧಾನ ಮಾಡಿದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ತೋಟ, ರಸ್ತೆಗಳನ್ನು ಹೊತ್ತೊಯ್ದ ಜಾಗ. ಆ ವರ್ಷ ಟಿವಿಯಲ್ಲಿ ಕಂಡ ಕೆಂಪು ಮಣ್ಣಿನ ಗಾಯಗಳನ್ನು ಹುಡುಕಿದೆ. ಬಹುಪಾಲು ಕಡೆ ಕುರುಚಲು ಬೆಳೆದು ಹಸಿರಾಗಿಬಿಟ್ಟಿದೆ. ಗೊತ್ತಿದ್ದವರು ಬೆರಳು ಮಾಡಿ ತೋರಿಸಬೇಕು.

“ಇಷ್ಟು ಮಳೆ ಬೀಳುವ ಕಡೆ ನೆಲ ಗುರುತನ್ನು ಬಹಳ ಕಾಲ ಇಟ್ಟುಕೊಳ್ಳೋದಿಲ್ಲ. ಕಡಲ ತಳ ಹಾಗಲ್ಲ, ಸಾವಿರಾರು ವರ್ಷ ಇಟ್ಟುಕೊಳ್ಳುತ್ತೆ” ಅಂದರು ಭಾವ.

ಅವರ ಉದ್ಯೋಗವೇ ಕಡಲ ತಳ ಅಳೆಯುವುದು. ಸರ್ವೆ ಹಡಗಿನಲ್ಲಿ ಮಲ್ಟಿಬೀಮ್ ಸೋನಾರ್‌ನ ಪರದೆ ಮುಂದೆ ಪಾಳಿ ಪ್ರಕಾರ ಕೂರುತ್ತಾರೆ. ಹಡಗಿನ ಅಡಿಯಿಂದ ಎಡಕ್ಕೂ ಬಲಕ್ಕೂ ಹರಡಿಕೊಳ್ಳುವ ಹಾಗೆ ನೂರಾರು ಸದ್ದಿನ ಕಿರಣಗಳನ್ನು ಬಿಡುತ್ತಾರೆ. ಕಡಲ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ತಳಕ್ಕೆ ಬಡಿದ ಸದ್ದು ಎರಡು ಸೆಕೆಂಡಿಗೆ ವಾಪಸ್ ಬಂತೆಂದರೆ ಅಲ್ಲಿ ಆಳ 1,500 ಮೀಟರ್. ಕೇಳಲು ಇಷ್ಟು ಸುಲಭ. ಆದರೆ ನೀರಿನ ಬಿಸಿ, ಉಪ್ಪು, ಒತ್ತಡ ಬದಲಾದರೆ ಸದ್ದಿನ ವೇಗವೂ ಬದಲಾಗುತ್ತದೆ. ಅದಕ್ಕೇ ಆಗಾಗ ಒಂದು ಉಪಕರಣವನ್ನು ನೀರಿಗಿಳಿಸಿ ಯಾವ ಆಳದಲ್ಲಿ ಎಷ್ಟು ವೇಗ ಎಂದು ಅಳೆಯುತ್ತಲೇ ಇರಬೇಕು. ಅದು ತಪ್ಪಿದರೆ ಚಪ್ಪಟೆ ತಳವೂ ನಕ್ಷೆಯ ಎರಡೂ ಅಂಚಿನಲ್ಲಿ ಬಾಗಿದ ಹಾಗೆ ಕಾಣುತ್ತದಂತೆ.

ಮಡಿಕೇರಿಯಲ್ಲಿ ಊಟ ಮುಗಿಸಿ, ನಾಪೋಕ್ಲು ಮೇಲೆ ಕಕ್ಕಬೆ ತಲುಪುವಾಗ ಸಂಜೆ. ಜನವರಿ, ಕಾಫಿ ಕೊಯ್ಲಿನ ಕಾಲ. ನಾವು ಇಳಿದುಕೊಂಡ ಹೋಮ್‌ಸ್ಟೇಯ ಕಣದ ತುಂಬ ಹಣ್ಣು ಹರಡಿತ್ತು. ಒಣಗುವ ಕಾಫಿ ಹಣ್ಣಿನ ಹುಳಿಬೆರೆತ ವಾಸನೆ ಜಗಲಿಯವರೆಗೂ ಬರುತ್ತಿತ್ತು. ರಾತ್ರಿ ಅಕ್ಕಿ ರೊಟ್ಟಿ, ಕಾಚಂಪುಳಿ ಹಾಕಿದ ಪಂದಿ ಕರಿ.

ಊಟವಾದ ಮೇಲೆ ತೋಟದ ಯಜಮಾನರು ಮಳೆ ಪುಸ್ತಕ ತಂದು ತೋರಿಸಿದರು. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಇದಿದೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡುವುದು, ಇಂಚು-ಸೆಂಟ್ ಲೆಕ್ಕದಲ್ಲಿ ಬರೆದಿಡುವುದು. ಇವರ ತಂದೆ ಶುರು ಮಾಡಿದ್ದನ್ನು ಇವರು ಬಿಟ್ಟಿಲ್ಲ. ಜನವರಿಯ ಪುಟಗಳಲ್ಲಿ ಬರೀ ಅಡ್ಡಗೆರೆ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಒಂದೆರಡು ಅಂಕಿ, ಜುಲೈ ಬಂದರೆ ಒಂದು ಸಾಲೂ ಖಾಲಿ ಇಲ್ಲ. ಕೆಲವು ಕಡೆ ಶಾಯಿ ತೇವಕ್ಕೆ ಹರಡಿಕೊಂಡಿತ್ತು.

ಅದನ್ನು ನೋಡಿದ ಭಾವ ಸುಮ್ಮನಿರಲಾಗದೆ ಲ್ಯಾಪ್‌ಟಾಪ್ ತೆರೆದರು. ಪರದೆಯ ಮೇಲೆ ಬೂದು ಬಣ್ಣದ ಚಿತ್ರ, ಅದರ ತುಂಬ ಒಂದರ ಪಕ್ಕ ಒಂದು ಸಣ್ಣ ದಿಣ್ಣೆಗಳ ಸಾಲು. ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಮುಂದಿನ ಕಡಲ ತಳವಂತೆ. 2019ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ‘ರಾನ್’ ಎಂಬ ತಾನೇ ಓಡುವ ಜಲಾಂತರ ಯಂತ್ರ ಅಲ್ಲಿಗಿಳಿದು ಈ ನಕ್ಷೆ ತಂದಿತ್ತು. ಸುಮಾರು 700 ಮೀಟರ್ ಆಳ. ಹಡಗಿನಿಂದ ಬಿಟ್ಟ ಕಿರಣ ಅಷ್ಟು ಆಳ ಮುಟ್ಟುವಷ್ಟರಲ್ಲಿ ಅಗಲವಾಗಿಬಿಡುತ್ತದೆ, ಇಂಥ ಸಣ್ಣ ಏರಿಳಿತ ಅದಕ್ಕೆ ಸಿಗುವುದಿಲ್ಲ. ಯಂತ್ರ ತಳದ ಹತ್ತಿರವೇ ಓಡಿದ್ದರಿಂದ ಒಂದು ಮೀಟರ್ ಕೂಡ ಎತ್ತರವಿಲ್ಲದ ದಿಣ್ಣೆಗಳೂ ಸಿಕ್ಕಿದವು. ಅಂಥವು 160ಕ್ಕೂ ಹೆಚ್ಚು.

“ಇವು ಯಾಕೆ ಆದವು?” ಅಂದರು ಯಜಮಾನರು.

ಭಾವ ವಿವರಿಸಿದರು. ಹಿಮನದಿಯ ಮುಂತುದಿ ಕಡಲ ತಳಕ್ಕೆ ತಾಗಿ ಕೂತಿರುತ್ತದೆ. ಉಬ್ಬರ ಬಂದಾಗ ನೀರು ಅದನ್ನು ಸ್ವಲ್ಪ ಎತ್ತುತ್ತದೆ, ಇಳಿತದಲ್ಲಿ ಅದು ಮತ್ತೆ ಕೆಸರಿನ ಮೇಲೆ ಕೂರುತ್ತದೆ. ಕೂತಾಗ ಭಾರಕ್ಕೆ ಕೆಸರು ಹೊರಗೆ ಒತ್ತಿಕೊಂಡು ಒಂದು ದಿಣ್ಣೆ ಏಳುತ್ತದೆ. ಅಷ್ಟರಲ್ಲಿ ಹಿಮ ಹಿಂದೆ ಸರಿದಿದ್ದರೆ ಮರುದಿನದ ದಿಣ್ಣೆ ಒಂದಷ್ಟು ಹಿಂದೆ. ಹೀಗೆ ದಿನಕ್ಕೊಂದು. ದಿನಕ್ಕೊಂದೇ ಎಂದು ಹೇಗೆ ಗೊತ್ತು? ದಿಣ್ಣೆಗಳ ಎತ್ತರ ಹೆಚ್ಚುಕಮ್ಮಿ ಹದಿನೈದು ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಹುಣ್ಣಿಮೆ-ಅಮಾವಾಸ್ಯೆಗೆ ಉಬ್ಬರ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ನಮ್ಮ ಕರಾವಳಿಯ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದೇ ಲಯ ಅಂಟಾರ್ಕ್ಟಿಕಾದ ಕೆಸರಿನಲ್ಲೂ ಮೂಡಿ ನಿಂತಿದೆ.

“ಹಾಗಾದ್ರೆ ಇದೂ ನಮ್ಮ ಮಳೆ ಪುಸ್ತಕವೇ. ದಿನಕ್ಕೊಂದು ಸಾಲು” ಅಂದರು ಯಜಮಾನರು. ಆ ದಿನ ಕೇಳಿದ್ದರಲ್ಲಿ ನನಗೆ ಹೆಚ್ಚು ಸರಿ ಅನ್ನಿಸಿದ ಮಾತು ಅದು.

ಆ ಪುಸ್ತಕ ಓದಿದವರು 2022ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಕಳೆದ 200 ವರ್ಷಗಳಲ್ಲಿ ಯಾವಾಗಲೋ, ಆರು ತಿಂಗಳಿಗೂ ಕಡಿಮೆ ಅವಧಿಯಲ್ಲಿ, ಥ್ವೇಟ್ಸ್‌ನ ತುದಿ ವರ್ಷಕ್ಕೆ 2.1 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹಿಂದೆ ಸರಿದಿತ್ತು. ಉಪಗ್ರಹಗಳು 2011ರಿಂದ 2019ರವರೆಗೆ ಕಂಡ ವೇಗದ ಎರಡು ಪಟ್ಟು. ನಾರ್ವೆಯ ಕಡಲ ತಳದಲ್ಲಿ ಹಿಮಯುಗದ ಕೊನೆಯ 7,600ಕ್ಕೂ ಹೆಚ್ಚು ದಿಣ್ಣೆಗಳನ್ನು ಅಳೆದವರು 2023ರಲ್ಲಿ ಇನ್ನೂ ದೊಡ್ಡ ಅಂಕಿ ಕೊಟ್ಟರು, ದಿನಕ್ಕೆ 50ರಿಂದ 600 ಮೀಟರ್. ಉಪಗ್ರಹಗಳು ಹಿಮವನ್ನು ನೋಡಲು ಶುರು ಮಾಡಿ ಕೆಲವೇ ದಶಕಗಳಾಗಿವೆ. ಅಷ್ಟನ್ನೇ ನಂಬಿ ಹಿಮ ನಿಧಾನವಾಗಿಯೇ ಸರಿಯುತ್ತದೆ ಎಂದುಕೊಂಡರೆ ಕಡಲತೀರದ ಊರುಗಳು ಮೋಸ ಹೋಗುತ್ತವೆ. ನಾನು ಮಂಗಳೂರಿನಲ್ಲಿ ಬದುಕುವ ಮನುಷ್ಯ, ಈ ಅಂಕಿ ನನಗೆ ದೂರದ್ದಲ್ಲ. ಥ್ವೇಟ್ಸ್ ಒಂದೇ ಪೂರ್ತಿ ಕರಗಿದರೂ ಲೋಕದ ಕಡಲುಗಳ ಮಟ್ಟ ಅರ್ಧ ಮೀಟರಿಗೂ ಹೆಚ್ಚು ಏರುತ್ತದೆ.

ರಾನ್ ಈಗ ಇಲ್ಲ. 2024ರ ಜನವರಿಯಲ್ಲಿ ಅಂಟಾರ್ಕ್ಟಿಕಾದ ಡಾಟ್ಸನ್ ಹಿಮಚಪ್ಪರದ, ಅಂದರೆ ಕಡಲ ಮೇಲೆ ತೇಲುವ ಹಿಮದ ಹಾಸಿನ, ಅಡಿಗೆ ಹೋದದ್ದು ವಾಪಸ್ ಬರಲಿಲ್ಲ. ಅದನ್ನು ಹೇಳುವಾಗ ಭಾವನ ದನಿ ಕುಗ್ಗಿತು.

ಮರುದಿನ ಬೆಳಿಗ್ಗೆ ನಾಲ್ಕುನಾಡು ಅರಮನೆ ನೋಡಿಕೊಂಡು ತಡಿಯಂಡಮೋಳ್ ಹತ್ತಿದೆವು. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಅರ್ಧದವರೆಗೆ ಜೀಪಿನ ದಾರಿ, ಆಮೇಲೆ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಕಾಡು, ಕೊನೆಗೆ ಕಾಲು ಜಾರುವ ಕಡಿದಾದ ಏರು. ಶೋಲಾದೊಳಗೆ ಹೊಕ್ಕ ಕೂಡಲೇ ಚಳಿ. ಕಲ್ಲಿನ ಮೇಲೆ ಪಾಚಿ, ಮರದ ಮೈಮೇಲೂ ಪಾಚಿ.

ಈ ಬೆಟ್ಟಗಳ ಮೇಲೆ ಕಳೆದ ಹಿಮಯುಗದಲ್ಲಿ ಹಿಮನದಿ ಇರಲಿಲ್ಲ. ಆದರೂ ದೂರದ ಹಿಮ ಇಲ್ಲಿಯವರೆಗೂ ಕೈಚಾಚಿತ್ತು, ಅದಕ್ಕೆ ಸಾಕ್ಷಿ ಮತ್ತೆ ಕಡಲ ತಳದಲ್ಲೇ ಇದೆ. ಪಶ್ಚಿಮ ಘಟ್ಟದ ಮರಗಳ ಪರಾಗ ಗಾಳಿಯಲ್ಲಿ, ಹೊಳೆಯಲ್ಲಿ ಸಾಗಿ ಅರಬ್ಬಿ ಕಡಲಿನ ಕೆಸರಿಗೆ ಸೇರುತ್ತದೆ. ನೈಋತ್ಯ ಭಾರತದಾಚೆಯ ತಳದಿಂದ ಎತ್ತಿದ ಕೆಸರಿನ ಕಂಬಗಳಲ್ಲಿ ಆ ಪರಾಗವನ್ನು ಎಣಿಸಿ ಸಂಶೋಧಕಿ ಎಲಿಸ್ ವಾನ್ ಕಾಂಪೊ 1986ರಲ್ಲಿ 20,000 ವರ್ಷಗಳ ಮುಂಗಾರಿನ ಕಥೆ ಬಿಡಿಸಿದರು. ಹಿಮಯುಗದ ಉತ್ತುಂಗದಲ್ಲಿ ಇಲ್ಲಿ ಒಣಹವೆ, ಮುಂಗಾರು ಸೊರಗಿತ್ತು. ಹಿಮ ಕರಗುತ್ತ ಬಂದ ಹಾಗೆ ಮಳೆ ಬಲವಾಗಿ, ಸುಮಾರು 11,000 ವರ್ಷಗಳ ಹಿಂದೆ ಜೋರು ಹಿಡಿಯಿತು. ನಾವು ಬೆವರು ಒರೆಸಿಕೊಂಡು ಕೂತಿದ್ದ ಆ ತಂಪು ಶೋಲಾ ಹಿಮಯುಗದಲ್ಲಿ ಎಷ್ಟು ಕುಗ್ಗಿ, ಯಾವ ಕಣಿವೆಗಳಲ್ಲಿ ಜೀವ ಹಿಡಿದಿತ್ತೋ ಎಂದು ಯೋಚಿಸುತ್ತ ನೀರು ಕುಡಿದೆ.

ನೆತ್ತಿಯಿಂದ ಪಶ್ಚಿಮಕ್ಕೆ ಕೇರಳದ ಕಾಡು, ಅದರಾಚೆ ಮಂಜು. ಆಕಾಶ ಶುಭ್ರವಾಗಿದ್ದರೆ ಕಡಲು ಕಾಣುತ್ತದೆ ಎನ್ನುತ್ತಾರೆ, ಅದು ಇಲ್ಲಿಂದ ಸುಮಾರು 50 ಕಿಲೋಮೀಟರ್. ನಮಗೆ ಬಿಳಿ ಅಂಚೊಂದು ಬಿಟ್ಟರೆ ಏನೂ ಕಾಣಲಿಲ್ಲ. ಭಾವ ಮೊಬೈಲಿನಲ್ಲಿ ಗುಣಿಸತೊಡಗಿದರು. 20,000 ವರ್ಷದ ಹಿಂದೆ ಅಷ್ಟೊಂದು ನೀರು ಹಿಮವಾಗಿ ನೆಲದ ಮೇಲೆ ಕೂತಿದ್ದರಿಂದ ಕಡಲು 120 ಮೀಟರಿಗೂ ಹೆಚ್ಚು ಕೆಳಗಿತ್ತು. ದಡ ಇನ್ನೂ ಹತ್ತಾರು ಕಿಲೋಮೀಟರ್ ಆಚೆ. ಈಗ ದೋಣಿಗಳು ಬಲೆ ಬಿಡುವ ಜಾಗವೆಲ್ಲ ಆಗ ಒಣ ನೆಲ, ಹೊಳೆಗಳು ಅದನ್ನೂ ದಾಟಿ ಹರಿಯಬೇಕಿತ್ತು. ಇಷ್ಟು ಎತ್ತರದಿಂದ ದಿಗಂತ ಸುಮಾರು 150 ಕಿಲೋಮೀಟರ್ ದೂರ.

“ಅಂದರೆ ಆಗಲೂ ಇಲ್ಲಿ ನಿಂತವರಿಗೆ ಕಡಲು ಕಾಣ್ತಿತ್ತು. ಗಾಳಿ ಒಣ, ಬಹುಶಃ ನಮಗಿಂತ ಚೆನ್ನಾಗೇ” ಅಂದರು.

ಆ ಮುಳುಗಿದ ದಡವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದ ನಕ್ಷೆಯೊಂದನ್ನು ಕೆಲಸ ಬಿಡುವ ಮುಂಚೆ ನೋಡಬೇಕು ಎಂಬುದು ಅವರ ಆಸೆ. ಲೋಕದ ಕಡಲ ತಳದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನಷ್ಟೇ ಈವರೆಗೆ ಸದ್ದಿನಿಂದ ಅಳೆದಿರುವುದು. ಉಳಿದದ್ದನ್ನು 2030ರೊಳಗೆ ಮುಗಿಸುವ ಜಾಗತಿಕ ಯೋಜನೆಯೊಂದು ನಡೆದಿದೆ. ಇಳಿಯುವಾಗ ದಾರಿಯುದ್ದಕ್ಕೂ ಅದರದ್ದೇ ಮಾತು: ಯಾವ ಹಡಗು, ಎಷ್ಟು ತಿಂಗಳು, ಮುಂಗಾರು ಶುರುವಾಗುವ ಮೊದಲು ಎಷ್ಟು ಸಾಲು ಓಡಿಸಬಹುದು.