ಡ್ರೈನ್ ಬೋಲ್ಟಿನ ಥ್ರೆಡ್ ಹೋದಾಗ: ಮನೆಯಲ್ಲೇ ಹೆಲಿಕಾಯಿಲ್ ಕೂರಿಸುವುದು

ಬೈಕಿನ ಎಂಜಿನ್ ಆಯಿಲ್ ಬದಲಿಸಿ ಡ್ರೈನ್ ಬೋಲ್ಟ್ (ಎಂಜಿನ್ ತಳದಲ್ಲಿ ಆಯಿಲ್ ಇಳಿಸುವ ರಂಧ್ರದ ಬೋಲ್ಟ್) ಬಿಗಿ ಮಾಡುತ್ತಿದ್ದಾಗ ಸ್ಪ್ಯಾನರ್ ಇದ್ದಕ್ಕಿದ್ದಂತೆ ಮೆತ್ತಗಾಯಿತೆಂದರೆ ರಂಧ್ರದೊಳಗಿನ ಥ್ರೆಡ್ (ಬೋಲ್ಟನ್ನು ಹಿಡಿಯುವ ಸುತ್ತುಗೆರೆ) ಹೋಗುತ್ತಿದೆ ಎಂದರ್ಥ. ಅಲ್ಲೇ ಕೈ ತೆಗೆಯಿರಿ. ಆ ಹೊತ್ತಿಗೆ ಒಳಗೆ ಒಂದಷ್ಟು ಥ್ರೆಡ್ ಇನ್ನೂ ಉಳಿದಿರುತ್ತದೆ. ‘ಇನ್ನೊಂಚೂರು’ ಎಂದು ತಿರುಗಿಸಿದರೆ ಬೋಲ್ಟಿನ ಜೊತೆ ಸ್ಪ್ರಿಂಗಿನಂಥ ಅಲ್ಯೂಮಿನಿಯಂ ಸುರುಳಿ ಹೊರಗೆ ಬರುತ್ತದೆ.

ತಪ್ಪು ಸಾಮಾನ್ಯವಾಗಿ ಆ ದಿನದ್ದಲ್ಲ. ಹಳೆಯ ವಾಷರನ್ನೇ ಮತ್ತೆ ಮತ್ತೆ ಹಾಕಿರುತ್ತಾರೆ, ಅದು ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ, ಜಿನುಗು ನಿಲ್ಲಿಸಲು ಪ್ರತಿ ಸಲ ಸ್ವಲ್ಪ ಹೆಚ್ಚು ಬಿಗಿ ಮಾಡುತ್ತಾರೆ. ಉಕ್ಕಿನ ಬೋಲ್ಟ್ ಏನೂ ಆಗದೆ ಉಳಿಯುತ್ತದೆ, ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಹೊರಕವಚದ) ಅಲ್ಯೂಮಿನಿಯಂ ಸೋಲುತ್ತದೆ. ಥ್ರೆಡ್ಡಿಗೆ ಆಯಿಲ್ ಹತ್ತಿದ್ದರೆ ಘರ್ಷಣೆ ಕಡಿಮೆ, ಅದೇ ಕೈಬಲಕ್ಕೆ ಎಳೆತ ಇನ್ನೂ ಜಾಸ್ತಿ.

ಮೊದಲು ಎಷ್ಟು ಹೋಗಿದೆ ನೋಡಿ. ಟಾರ್ಚ್ ಬಿಟ್ಟು ನೋಡಿದಾಗ ಬಾಯಿಯ ಎರಡು ಮೂರು ಥ್ರೆಡ್ ಮಾತ್ರ ನಜ್ಜುಗುಜ್ಜಾಗಿದ್ದು, ಒಳಗಿನವು ಚೂಪಾಗಿದ್ದರೆ ಅದೇ ಅಳತೆಯ ಸಾಮಾನ್ಯ ಟ್ಯಾಪನ್ನು (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಕೈಯಲ್ಲಿ ನಿಧಾನವಾಗಿ ಓಡಿಸಿ ಸ್ವಚ್ಛ ಮಾಡಿದರೆ ಸಾಕು. ಒಳಗೂ ಬೋಳಾಗಿದ್ದರೆ ಮಾತ್ರ ಹೆಲಿಕಾಯಿಲ್, ಅಂದರೆ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು ಒಳಗೆ ಕೂರಿಸುವ ತಂತಿಯ ಸುರುಳಿ. ಹಳೆಯ ಬೋಲ್ಟ್ ಆ ಸುರುಳಿಯೊಳಗೆ ಹಿಡಿಯುತ್ತದೆ. ಟೆಫ್ಲಾನ್ ಟೇಪ್ ಸುತ್ತುವುದು, ಎಂ-ಸೀಲ್ ಮೆತ್ತುವುದು ಬೇಡ. ಟೇಪಿನ ಚೂರು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಆಗ ಆಗುವ ಖರ್ಚಿನ ಮುಂದೆ ಡ್ರೈನ್ ಬೋಲ್ಟಿನದು ಏನೂ ಅಲ್ಲ.

ಅಳತೆಗೆ ಬರೋಣ. ನಮ್ಮಲ್ಲಿ ಓಡುವ 100–125 ಸಿಸಿ ಬೈಕುಗಳಲ್ಲಿ ಹೆಚ್ಚಾಗಿ ಸಿಗುವುದು ಎಂ12 (12 ಮಿ.ಮೀ. ದಪ್ಪದ ಬೋಲ್ಟ್), 1.5 ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ 1.5 ಮಿ.ಮೀ.), ತಲೆಗೆ 17ರ ಸ್ಪ್ಯಾನರ್. ಆದರೂ ಊಹೆ ಬೇಡ: ಬೋಲ್ಟಿನ ಮೇಲೆ ಹತ್ತು ಪಿಚ್ಚಿನ ಉದ್ದ ಅಳೆಯಿರಿ, 15 ಮಿ.ಮೀ. ಬಂದರೆ 1.5. ಎಂ12ರಲ್ಲೇ 1.25, 1.5, 1.75 ಮೂರೂ ಇವೆ. ಹಾರ್ಡ್‌ವೇರ್ ಅಂಗಡಿಯವರು ಕೇಳದೆ ಕೊಡುವುದು 1.75. ಕಿಟ್ಟಿನಲ್ಲಿ 12.4ರ ಡ್ರಿಲ್, ಟ್ಯಾಪ್, ಕೂರಿಸುವ ಟೂಲ್ ಮತ್ತು ಸ್ಟೇನ್‌ಲೆಸ್ ತಂತಿಯ ಸುರುಳಿಗಳು ಇರುತ್ತವೆ. ಟ್ಯಾಪ್ ಮೇಲೆ 12 ಎಂದು ಬರೆದಿದ್ದರೂ ಹೊರ ಅಳತೆ ಸುಮಾರು 14 ಮಿ.ಮೀ. ಇರುತ್ತದೆ. ತಪ್ಪು ಟ್ಯಾಪ್ ಕೊಟ್ಟಿದ್ದಾರೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಸುರುಳಿಯ ದಪ್ಪಕ್ಕೂ ಜಾಗ ಬೇಕಲ್ಲ. ರಂಧ್ರದ ಸುತ್ತ ಕನಿಷ್ಠ 3 ಮಿ.ಮೀ. ಲೋಹ ಉಳಿಯುವುದೇ ಎಂದು ಈಗಲೇ ನೋಡಿಕೊಳ್ಳಿ. ಸುರುಳಿಯ ಉದ್ದ ರಂಧ್ರದ ಆಳಕ್ಕಿಂತ ಸ್ವಲ್ಪ ಕಡಿಮೆ ಇರಲಿ. ಡ್ರೈನ್ ರಂಧ್ರಕ್ಕೆ 12 ಮಿ.ಮೀ. ಉದ್ದದ್ದು ಸಾಮಾನ್ಯವಾಗಿ ಹೊಂದುತ್ತದೆ.

ಬೈಕನ್ನು ಮೇನ್ ಸ್ಟ್ಯಾಂಡ್ ಮೇಲೆ ನೇರವಾಗಿ ನಿಲ್ಲಿಸಿ. ಕೆಲಸ ಸುಲಭವಾಗಲಿ ಎಂದು ಮಲಗಿಸಬೇಡಿ. ರಂಧ್ರ ಕೆಳಮುಖವಾಗಿದ್ದರೆ ಚೂರುಗಳು ತಾವಾಗಿ ನೆಲಕ್ಕೆ ಬೀಳುತ್ತವೆ, ಮಲಗಿಸಿದರೆ ಅವೇ ಎಂಜಿನ್ ಒಳಗೆ ಹೋಗುತ್ತವೆ.

ಡ್ರಿಲ್ ಮಷೀನನ್ನು ಪಕ್ಕಕ್ಕಿಡಿ. ಥ್ರೆಡ್ ಬೋಳಾದ ರಂಧ್ರ ಆಗಲೇ ಹತ್ತಿರ ಹತ್ತಿರ 12 ಮಿ.ಮೀ. ಇರುತ್ತದೆ, ತೆಗೆಯಬೇಕಾದದ್ದು ಒಂದೊಂದು ಬದಿಗೆ 0.2 ಮಿ.ಮೀ. ಅಷ್ಟೇ. ಮಷೀನಿನಲ್ಲಿ ಕೊಟ್ಟರೆ ಡ್ರಿಲ್ ಅಲ್ಯೂಮಿನಿಯಂ ಅನ್ನು ಕಚ್ಚಿ ಸ್ಕ್ರೂನಂತೆ ತಾನೇ ಒಳಗೆ ಎಳೆದುಕೊಂಡು ರಂಧ್ರವನ್ನು ಓರೆ ಮಾಡುತ್ತದೆ. ಡ್ರಿಲ್ ಬಿಟ್ಟಿನ ಬುಡವನ್ನು ಟ್ಯಾಪ್ ಹ್ಯಾಂಡಲ್‌ಗೋ ಗಟ್ಟಿ ಕ್ಲ್ಯಾಂಪಿಗೋ ಹಿಡಿಸಿ, ಬಿಟ್ಟಿನ ತೋಡುಗಳಿಗೆ ಗ್ರೀಸ್ ತುಂಬಿ, ಕೈಯಲ್ಲೇ ತಿರುಗಿಸಿ. ಎರಡು ಮೂರು ಸುತ್ತಿಗೊಮ್ಮೆ ಹೊರತೆಗೆದು ಚೂರು ಹಿಡಿದ ಗ್ರೀಸನ್ನು ಒರೆಸಿ ಹೊಸದು ತುಂಬಿ. ಬೇಸರದ ಕೆಲಸ, ಆದರೆ ಇಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಕ್ರ್ಯಾಂಕ್‌ಕೇಸ್ ಬೆಲೆ ತೆರಬೇಕಾಗುತ್ತದೆ.

ಟ್ಯಾಪ್ ನೇರವಾಗಿ ಹೋಗುವುದೇ ಇಡೀ ಕೆಲಸದ ಜೀವ. ಓರೆಯಾದರೆ ಬೋಲ್ಟಿನ ತಲೆ ಒಂದೇ ಕಡೆ ಕೂತು ವಾಷರ್ ಎಂದೂ ಸೀಲ್ ಆಗುವುದಿಲ್ಲ. ಟ್ಯಾಪ್ ಸಡಿಲವಿಲ್ಲದೆ ದಾಟುವಂತೆ 14 ಮಿ.ಮೀ. ತೂತಿರುವ ಚೌಕ ಮರದ ತುಂಡೊಂದನ್ನು ಡ್ರಿಲ್ ಸ್ಟ್ಯಾಂಡಿನಲ್ಲಿ ಮಾಡಿಸಿಕೊಂಡು, ವಾಷರ್ ಕೂರುವ ಮೈಗೆ ಒತ್ತಿ ಹಿಡಿದು, ಅದರ ಮೂಲಕ ಟ್ಯಾಪ್ ಶುರು ಮಾಡಿ. ಮೂರು ಥ್ರೆಡ್ ಹಿಡಿದ ಮೇಲೆ ಮರದ ಅಗತ್ಯವಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಮುರಿಯಬೇಕು. ಟ್ಯಾಪಿಗೂ ಗ್ರೀಸ್, ಅದರ ಮೇಲೆ ಒಂದೆರಡು ತೊಟ್ಟು ಸೀಮೆಎಣ್ಣೆ. ಬಿಗಿಯಾದರೆ ಒತ್ತಬೇಡಿ, ಪೂರ್ತಿ ಹೊರತೆಗೆದು ಒರೆಸಿ ಮತ್ತೆ ಹಾಕಿ.

ಥ್ರೆಡ್ಡನ್ನು ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಈಗ ಸುರುಳಿಯನ್ನು ಟೂಲಿಗೆ ಹಾಕಿ, ಅದರ ಒಳತುದಿಯಲ್ಲಿ ಅಡ್ಡಕ್ಕೆ ಬಾಗಿರುವ ತಂತಿಯ ಕಡ್ಡಿ ಟೂಲಿನ ಸೀಳಿಗೆ ಕೂತಿರುವುದನ್ನು ನೋಡಿಕೊಂಡು ತಿರುಗಿಸಿ. ಒತ್ತಬಾರದು, ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಕೂರುತ್ತದೆ. ಹಿಂದಕ್ಕೂ ತಿರುಗಿಸಬಾರದು, ಕಡ್ಡಿ ಅರ್ಧದಲ್ಲೇ ಮುರಿಯುತ್ತದೆ. ಸುರುಳಿ ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಒಳಗೆ ನಿಲ್ಲಲಿ. ಚೂರೇ ಚೂರು ಹೊರಗೆ ಚಾಚಿದರೂ ವಾಷರ್ ಅದರ ಮೇಲೆ ಕೂತು ಆಯಿಲ್ ಸೋರುತ್ತದೆ.

ಆಮೇಲೆ ಆ ಅಡ್ಡ ಕಡ್ಡಿ. ಕವರ್ ಬೋಲ್ಟಿನ ರಂಧ್ರವಾದರೆ ಪಂಚ್ ಇಟ್ಟು ಒಂದು ಏಟು ಹೊಡೆದರೆ ಮುಗಿಯಿತು. ಡ್ರೈನ್ ರಂಧ್ರದಲ್ಲಿ ಹಾಗಲ್ಲ, ಮುರಿದ ಕಡ್ಡಿ ನೇರ ಎಂಜಿನ್ ಒಳಗೆ. ಉದ್ದ ಮೂತಿಯ ಪ್ಲೈಯರಿನಲ್ಲಿ ಹಿಡಿದು ಮೇಲೆ ಕೆಳಗೆ ಬಗ್ಗಿಸಿ ಮುರಿಯಿರಿ, ಹಿಡಿತ ಬಿಡದೆ ಹೊರತೆಗೆಯಿರಿ. ಬಿದ್ದರೆ ಮ್ಯಾಗ್ನೆಟ್ ನಂಬಬೇಡಿ, ಸ್ಟೇನ್‌ಲೆಸ್ ಸರಿಯಾಗಿ ಅಂಟುವುದಿಲ್ಲ. ಬೇರೊಂದು ಉದ್ದ ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಹುಡುಕಿ. ಕಡ್ಡಿಯಿಲ್ಲದ ಸುರುಳಿಯೂ ಇದೆ, ಅದರ ಟೂಲ್ ಬೇರೆ. ಸಿಕ್ಕರೆ ಡ್ರೈನಿಗೆ ಅದೇ ಮೇಲು.

ಸುರುಳಿ ಬೇಡವೆಂದರೆ ಇನ್ನೊಂದು ದಾರಿಯೂ ಇದೆ: 12.5ಕ್ಕೆ ಕೊರೆದು ಎಂ14, 1.5 ಪಿಚ್ಚಿನ ಟ್ಯಾಪ್ ಹೊಡೆದು ಎಂ14 ಬೋಲ್ಟೇ ಹಾಕುವುದು. ತೆಗೆಯುವ ಲೋಹ ಎರಡರಲ್ಲೂ ಬಹುತೇಕ ಒಂದೇ, ಒಳಗೆ ಬೀಳಲು ಕಡ್ಡಿಯೂ ಇಲ್ಲ. ಆದರೆ ಥ್ರೆಡ್ ಮತ್ತೆ ಅಲ್ಯೂಮಿನಿಯಂದೇ, ಅದೇ ಕೈಗೆ ಅದೇ ಗತಿ. ಹೆಲಿಕಾಯಿಲ್ಲಿನಲ್ಲಿ ಬೋಲ್ಟ್ ಉಜ್ಜುವುದು ಸ್ಟೇನ್‌ಲೆಸ್ಸಿಗೆ, ಭಾರ ಅಲ್ಯೂಮಿನಿಯಂನ ದೊಡ್ಡ ಸುತ್ತಳತೆಗೆ ಹಂಚಿಹೋಗುತ್ತದೆ. ಹಾಗಾಗಿ ಅದು ಮೂಲ ಥ್ರೆಡ್ಡಿಗಿಂತ ಗಟ್ಟಿ.

ಬೋಲ್ಟ್ ಹಾಕುವ ಮೊದಲು ಕಾಲು ಲೀಟರ್ ಅಗ್ಗದ ಆಯಿಲನ್ನು ಮೇಲಿನಿಂದ ಸುರಿದು ರಂಧ್ರದಿಂದ ಹರಿಯಲು ಬಿಡಿ, ಬಿಳಿ ಬಟ್ಟೆಯಲ್ಲಿ ಹಿಡಿದು ನೋಡಿ. ಮಿನುಗು ಕಂಡರೆ ಮತ್ತೊಮ್ಮೆ. ಹೊಸ ವಾಷರ್ ಹಾಕಿ. ತಾಮ್ರದ್ದಾದರೆ ಹಳೆಯದನ್ನೇ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ಆರಿಸಿದರೆ ಮೆದುವಾಗುತ್ತದೆ, ಅಲ್ಯೂಮಿನಿಯಂದಾದರೆ ಹೊಸದೇ ಬೇಕು. ಬಿಗಿ ಎಷ್ಟೆಂದು ನಿಮ್ಮ ಬೈಕಿನ ಮ್ಯಾನುಯಲ್ ನೋಡಿ. 24 ನ್ಯೂಟನ್ ಮೀಟರ್ ಎಂದಿದ್ದರೆ 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 16 ಕೆ.ಜಿ. ಭಾರ, ಅಷ್ಟೇ. ಪೈಪ್ ಸಿಕ್ಕಿಸುವ ಅಭ್ಯಾಸ ಇದ್ದವರು ಇದನ್ನು ಎರಡು ಸಲ ಓದಿ.

ಕ್ಲಚ್ ಕವರಿನ ಎಂ6 ಬೋಲ್ಟಿಗೂ ಕ್ರಮ ಇದೇ, ಡ್ರಿಲ್ 6.2 ಅಥವಾ 6.3. ಅಲ್ಲಿ ಥ್ರೆಡ್ ಹೋಗುವುದು ಬೋಲ್ಟುಗಳು ಅದಲುಬದಲಾಗಿ: ಉದ್ದದ ಜಾಗಕ್ಕೆ ಗಿಡ್ಡದ್ದು ಹಾಕಿದರೆ ನಾಲ್ಕೇ ಥ್ರೆಡ್ ಎಲ್ಲ ಭಾರ ಹೊರುತ್ತದೆ. ಕವರಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಇನ್ನು ಆ ರಂಧ್ರದ ತಳದಲ್ಲಿ ಆಯಿಲ್ ನಿಂತಿದ್ದರೆ ಬೋಲ್ಟ್ ಹಾಕುವ ಮುನ್ನ ಬತ್ತಿ ಇಟ್ಟು ಹೀರಿ ತೆಗೆಯಿರಿ. ಹೋಗಲು ದಾರಿ ಇಲ್ಲದ ಆಯಿಲ್ ಬೋಲ್ಟಿನ ಒತ್ತಡಕ್ಕೆ ಎರಕವನ್ನೇ ಸೀಳಬಲ್ಲದು.

ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ ಹೋಗಿದ್ದರೆ ಹೆಡ್ ಬಿಚ್ಚಿ ಟೇಬಲ್ ಮೇಲಿಟ್ಟೇ ಮಾಡಿ. ಬಿಚ್ಚಲು ಬರದಿದ್ದರೆ ಲೇತ್ ಅಂಗಡಿಗೆ ಕೊಡಿ, ಹೆಡ್ ಬಿಚ್ಚದೆ ಮಾಡಿದರೆ ಪ್ಲಗ್ಗಿನ ರಂಧ್ರದಿಂದ ಒಳಗೆ ಬಿದ್ದ ಚೂರು ಸಿಲಿಂಡರಿನ ಗೋಡೆಯನ್ನು ಗೀರುತ್ತದೆ.